ಕಚೇರಿಯ ಸರ್ವರಿಗೆ ಎರಡು ಲೈನಿನ ಒಳದಾರಿ: ಇನ್‌ಬೌಂಡ್ ಲೋಡ್ ಬ್ಯಾಲೆನ್ಸಿಂಗ್ ಮಾಡಿಸಿದ ಅನುಭವ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ಒಂದು ಕೃಷಿ ಸಹಕಾರ ಸಂಘದಲ್ಲಿ ಕಂಪ್ಯೂಟರ್ ಮತ್ತು ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ನನ್ನದು. ಸಂಘದ ಲೆಕ್ಕಪತ್ರದ ಸರ್ವರ್ ಇರುವುದು ಪ್ರಧಾನ ಕಚೇರಿಯ ಮಹಡಿಯ ಸಣ್ಣ ಕೋಣೆಯಲ್ಲಿ. ಪೆರ್ಲ, ನೀರ್ಚಾಲು, ಮುಳ್ಳೇರಿಯ ಕಡೆಯ ಶಾಖೆಗಳೂ ಅಡಿಕೆ ಖರೀದಿಯ ಕೌಂಟರುಗಳೂ ಇಂಟರ್‌ನೆಟ್ ಮೂಲಕ ಇದೇ ಸರ್ವರಿಗೆ ಬಂದು ಬಿಲ್ಲು ಮಾಡುತ್ತವೆ. ಪ್ರಧಾನ ಕಚೇರಿಯ ಲೈನು ಹೋಯಿತೆಂದರೆ ಎಲ್ಲ ಶಾಖೆಗಳೂ ಒಟ್ಟಿಗೆ ನಿಲ್ಲುತ್ತವೆ. ಚೀಲ ತೂಗಿ ಆಗಿರುತ್ತದೆ, ಹೊಸ ಅಡಿಕೆ ಎಷ್ಟು, ಪಟೋರ ಎಷ್ಟು, ಕರಿಗೋಟು ಎಷ್ಟು ಎಂದು ಚೀಟಿಯಲ್ಲಿ ಬರೆದೂ ಆಗಿರುತ್ತದೆ, ಬಿಲ್ಲು ಮಾತ್ರ ಬರುವುದಿಲ್ಲ. ಜೀಪು ಬಾಡಿಗೆಗೆ ಮಾಡಿಕೊಂಡು ಬಂದ ಕೃಷಿಕರು ಕಾಯುತ್ತಾ ನಿಂತಿರುತ್ತಾರೆ. ಇದನ್ನು ತಪ್ಪಿಸಲು ನಾವು ಮಾಡಿಸಿದ ವ್ಯವಸ್ಥೆಯೇ ಇನ್‌ಬೌಂಡ್ ಲೋಡ್ ಬ್ಯಾಲೆನ್ಸಿಂಗ್, ಅಂದರೆ ಹೊರಗಿನಿಂದ ಸರ್ವರಿಗೆ ಬರುವ ಸಂಪರ್ಕಗಳನ್ನು ಎರಡು ಇಂಟರ್‌ನೆಟ್ ಲೈನುಗಳ ನಡುವೆ ಹಂಚುವುದು. ಮಳೆಗಾಲಕ್ಕೆ ಮೊದಲು ಆರಂಭಿಸಿದ್ದು ಮಳೆ ಪೂರ್ತಿ ಬಿಟ್ಟ ಮೇಲೆ ಮುಗಿಯಿತು. ರೂಟರಿನ ಒಳಗೆ ಮಾಡಬೇಕಾದ ಕೆಲಸ ಒಂದು ಮಧ್ಯಾಹ್ನದ್ದು; ಉಳಿದ ಸಮಯವೆಲ್ಲ ಹಿಡಿದದ್ದು ರೂಟರಿನ ಹೊರಗಿನ ಸಂಗತಿಗಳಿಗೆ. ಇದೇ ಕೆಲಸಕ್ಕೆ ಕೈಹಾಕುವವರಿಗೆ ಆ ಹೊರಗಿನ ಸಂಗತಿಗಳು ಮೊದಲೇ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ನಮ್ಮಲ್ಲಿ ಲೈನು ಎರಡು ಮೊದಲೇ ಇದ್ದವು, ಎರಡನ್ನೂ ಹಂಚಿ ಬಳಸುವ ರೂಟರೂ ಇತ್ತು. ಹಾಗಿದ್ದ ಮೇಲೆ ಒಂದು ಲೈನು ಹೋದಾಗ ಶಾಖೆಗಳೇಕೆ ನಿಲ್ಲಬೇಕು ಎಂದು ಆಡಳಿತ ಮಂಡಳಿಯ ಸಭೆಯಲ್ಲಿ ಕೇಳಿದರು, ಕೇಳಬೇಕಾದ ಪ್ರಶ್ನೆಯೇ. ಕಚೇರಿಯ ಒಳಗಿನಿಂದ ಹೊರಗೆ ಹೋಗುವ ಸಂಪರ್ಕವನ್ನು ಯಾವ ಲೈನಿಗೆ ಹಾಕಬೇಕೆಂದು ತೀರ್ಮಾನಿಸುವುದು ನಮ್ಮ ರೂಟರ್, ಆದ್ದರಿಂದ ಅಲ್ಲಿ ಹಂಚಿಕೆ ಸುಲಭ. ಹೊರಗಿನಿಂದ ಬರುವ ಶಾಖೆಯ ಕಂಪ್ಯೂಟರ್ ಯಾವ ಲೈನಿನಲ್ಲಿ ಬರುತ್ತದೆ ಎಂಬುದು ಅದಕ್ಕೆ ಸಿಕ್ಕಿರುವ ನಮ್ಮ ಐಪಿ ವಿಳಾಸವನ್ನು (ಇಂಟರ್‌ನೆಟ್‌ನಲ್ಲಿ ಒಂದು ಲೈನನ್ನು ಗುರುತಿಸುವ ಅಂಕಿಗಳ ವಿಳಾಸವನ್ನು) ಹೊಂದಿಕೊಂಡಿರುತ್ತದೆ, ಅದು ಕಳಿಸಿದ ಪ್ಯಾಕೆಟ್ (ಮಾಹಿತಿಯ ತುಣುಕು) ನಮ್ಮ ರೂಟರನ್ನು ಮುಟ್ಟುವ ಹೊತ್ತಿಗೆ ಆಯ್ಕೆ ಮುಗಿದೇ ಹೋಗಿರುತ್ತದೆ. ಹಾಗಾಗಿ ಆ ವಿಳಾಸವನ್ನು ಹೇಳುವ ಜಾಗದಲ್ಲಿ, ಅಂದರೆ ಹೆಸರು ಕೇಳಿದವರಿಗೆ ಅದರ ಐಪಿ ವಿಳಾಸ ತಿಳಿಸುವ ಡಿಎನ್‌ಎಸ್ ಎಂಬ ವ್ಯವಸ್ಥೆಯಲ್ಲಿ, ನಾವು ಕೈಯಾಡಿಸಬೇಕು. ಸರ್ವರಿನ ಹೆಸರನ್ನು ಯಾರಾದರೂ ವಿಚಾರಿಸಿದಾಗ ರೂಟರೇ ಅಧಿಕೃತ ಡಿಎನ್‌ಎಸ್ ಸರ್ವರಾಗಿ ಉತ್ತರ ಕೊಡುತ್ತದೆ: ಒಮ್ಮೆ ಮೊದಲನೆಯ ಲೈನಿನ ವಿಳಾಸ, ಇನ್ನೊಮ್ಮೆ ಎರಡನೆಯದರ ವಿಳಾಸ, ಒಂದು ಲೈನು ಸತ್ತಿದ್ದರೆ ಬದುಕಿರುವುದರ ವಿಳಾಸ ಮಾತ್ರ. ದೊಡ್ಡ ಸಂಸ್ಥೆಗಳು ಸ್ವಂತ ವಿಳಾಸಗಳ ಗುಂಪನ್ನೇ ಪಡೆದು ಬಿಜಿಪಿ ಎಂಬ ವಿಧಾನದಲ್ಲಿ ಲೈನು ಕೊಡುವ ಎರಡೂ ಕಂಪೆನಿಗಳ ಮೂಲಕ ಜಗತ್ತಿಗೆ ಸಾರುತ್ತವೆ. ಆದರೆ ಐಪಿವಿ4 ಎಂಬ ಹಳೆಯ ವಿಳಾಸ ಪದ್ಧತಿಯಲ್ಲಿ 256 ವಿಳಾಸಗಳಿಗಿಂತ ಚಿಕ್ಕ ಗುಂಪನ್ನು ಹೊರಗಿನ ಜಾಲಗಳು ಸಾಮಾನ್ಯವಾಗಿ ಒಪ್ಪಿಕೊಳ್ಳುವುದಿಲ್ಲ. ಒಂದು ಸರ್ವರ್ ಇರುವ ಸಂಘಕ್ಕೆ ಅದು ಎಟಕುವ ಮಾತಲ್ಲ.

ಇದಕ್ಕೆ ಮೊದಲು ಬೇಕಾಗುವುದು ಎರಡು ಲೈನಿಗೂ ಒಂದೊಂದು ಸ್ಥಿರವಾದ (ಸ್ಟ್ಯಾಟಿಕ್), ಹೊರಗಿನಿಂದ ನೇರವಾಗಿ ತಲುಪಬಹುದಾದ ಸಾರ್ವಜನಿಕ ಐಪಿ. ಮೊದಲ ಲೈನಿಗೆ ಅದು ಇತ್ತು. ಎರಡನೆಯದರ ರೂಟರ್ ಪುಟದಲ್ಲಿ 100.72 ಎಂದು ಆರಂಭವಾಗುವ ವಿಳಾಸ ಕಾಣುತ್ತಿತ್ತು. 100.64.0.0ಯಿಂದ 100.127.255.255ರ ವರೆಗಿನ ಶ್ರೇಣಿ 2012ರಲ್ಲಿ ಇಂಟರ್‌ನೆಟ್ ಕಂಪೆನಿಗಳ ಒಳಬಳಕೆಗೆಂದೇ ಮೀಸಲಾದದ್ದು. ಅದರಲ್ಲಿರುವ ಗ್ರಾಹಕನನ್ನು ಹೊರಗಿನಿಂದ ಯಾರೂ ನೇರವಾಗಿ ತಲುಪಲಾರರು. ಐಪಿವಿ4 ವಿಳಾಸಗಳ ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲೇ ಖಾಲಿಯಾದದ್ದರಿಂದ ಕಂಪೆನಿಗಳು ನೂರಾರು ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುತ್ತವೆ. ನಿಮ್ಮದೂ ಹಾಗೆಯೋ ಎಂದು ತಿಳಿಯಲು ರೂಟರಿನ ವ್ಯಾನ್ (ಹೊರಗಿನ ಲೈನಿನ) ಪುಟದಲ್ಲಿ ಕಾಣುವ ವಿಳಾಸವನ್ನೂ, ‘ನನ್ನ ಐಪಿ ಯಾವುದು’ ಎಂದು ತೋರಿಸುವ ಜಾಲತಾಣದಲ್ಲಿ ಕಾಣುವ ವಿಳಾಸವನ್ನೂ ಹೋಲಿಸಿ ನೋಡಿ. ಎರಡೂ ಬೇರೆಬೇರೆಯಾಗಿದ್ದು, ನಡುವೆ ನಿಮ್ಮದೇ ಇನ್ನೊಂದು ರೂಟರ್ ಇಲ್ಲವೆಂದಾದರೆ ಸ್ಟ್ಯಾಟಿಕ್ ಐಪಿಗೆ ಅರ್ಜಿ ಹಾಕದೆ ಮುಂದಿನ ಹೆಜ್ಜೆ ಇಡುವಂತಿಲ್ಲ.

ಅರ್ಜಿ ಹಾಕಿದೆವು. ಸಂಘದ ಲೆಟರ್‌ಹೆಡ್‌ನಲ್ಲಿ ಮೊಹರು ಸಹಿತ ಬೇಡಿಕೆ ಪತ್ರ, ನೋಂದಣಿ ಪ್ರಮಾಣಪತ್ರ, ಪ್ಯಾನ್, ಕೇರಳದ ಸಂಕೇತ 32ರಿಂದ ಆರಂಭವಾಗುವ ಜಿಎಸ್‌ಟಿ ಪ್ರಮಾಣಪತ್ರ, ಕಾರ್ಯದರ್ಶಿಯವರ ಗುರುತಿನ ಚೀಟಿ, ಸಹಿ ಹಾಕುವ ಅಧಿಕಾರ ಅವರಿಗಿದೆಯೆಂಬ ಆಡಳಿತ ಮಂಡಳಿಯ ನಿರ್ಣಯದ ಪ್ರತಿ, ಐಪಿಯನ್ನು ಯಾವ ಉದ್ದೇಶಕ್ಕೆ ಬಳಸುತ್ತೇವೆಂಬ ಮುಚ್ಚಳಿಕೆ, ಇಷ್ಟನ್ನು ಕೇಳಿದ್ದರು. ಎಲ್ಲವನ್ನೂ ಕೊಟ್ಟ ಮೇಲೆ ಅರ್ಜಿ ತಿರುಗಿ ಬಂತು. ವಾರ್ಡುಗಳ ಪುನರ್ವಿಂಗಡಣೆಯಾದ ನಂತರ ಪಂಚಾಯತಿನ ದಾಖಲೆಯಲ್ಲಿ ನಮ್ಮ ಕಟ್ಟಡದ ನಂಬರು ಬದಲಾಗಿತ್ತು. ಜಿಎಸ್‌ಟಿ ಪ್ರಮಾಣಪತ್ರದಲ್ಲಿ ಹಳೆಯ ನಂಬರೇ ಇತ್ತು. ಎರಡು ನಂಬರೂ ಒಂದೇ ಕಟ್ಟಡದ್ದೆಂದು ಫೋನಿನಲ್ಲಿ ವಿವರಿಸಿದರೆ ಅತ್ತ ಕಡೆಯವರಿಗೆ ಅರ್ಥವಾಗುತ್ತಿತ್ತು, ಅವರ ಕಂಪ್ಯೂಟರಿಗೆ ಅರ್ಥವಾಗುತ್ತಿರಲಿಲ್ಲ. ಕೊನೆಗೆ ಪಂಚಾಯತಿನಿಂದ ಹೊಸ ನಂಬರಿನ ಮಾಲಕತ್ವದ ಪ್ರಮಾಣಪತ್ರ ತೆಗೆದು, ಜಿಎಸ್‌ಟಿಯಲ್ಲಿ ವಿಳಾಸ ತಿದ್ದುಪಡಿ ಮಾಡಿಸಿ, ಮತ್ತೆ ಹೊಸದಾಗಿ ಅರ್ಜಿ ಕೊಡಬೇಕಾಯಿತು. ಕಾಗದದ ಈ ಓಡಾಟ ನನ್ನನ್ನು ಸುಸ್ತು ಮಾಡಿದಷ್ಟು ಮುಂದಿನ ಯಾವ ತಾಂತ್ರಿಕ ತೊಡಕೂ ಮಾಡಲಿಲ್ಲ. ಅರ್ಜಿ ಕೊಡುವ ಮೊದಲೇ ಎಲ್ಲ ದಾಖಲೆಗಳನ್ನೂ ಮೇಜಿನ ಮೇಲೆ ಹರಡಿ ವಿಳಾಸದ ಸಾಲನ್ನು ಅಕ್ಷರ ಅಕ್ಷರ ಹೋಲಿಸಿಕೊಳ್ಳಿ. ಸ್ಟ್ಯಾಟಿಕ್ ಐಪಿಯ ಶುಲ್ಕ ನಮಗೆ ವರ್ಷಕ್ಕೆ ಎರಡೂವರೆ ಸಾವಿರ ರೂಪಾಯಿಯ ಆಸುಪಾಸಾಯಿತು, ಅದರ ಮೇಲೆ 18 ಶೇಕಡಾ ಜಿಎಸ್‌ಟಿ ಬೇರೆ. ಮನೆ ಬಳಕೆಯ ಪ್ಲಾನಿಗೆ ಸ್ಟ್ಯಾಟಿಕ್ ಐಪಿ ಇಲ್ಲ ಎಂದದ್ದರಿಂದ ಕಚೇರಿ ಬಳಕೆಯ ಪ್ಲಾನಿಗೆ ಬದಲಿಸಿದ ಹೆಚ್ಚಿನ ಖರ್ಚನ್ನೂ ಇದರ ಜೊತೆಗೇ ಲೆಕ್ಕ ಹಿಡಿಯಬೇಕು.

ಪ್ಲಾನು ಆರಿಸುವಾಗ ಅಪ್‌ಲೋಡ್ ವೇಗವನ್ನು ಕೇಳಿ ತಿಳಿದುಕೊಳ್ಳಿ. ಶಾಖೆಯವರು ಡೌನ್‌ಲೋಡ್ ಮಾಡುವುದೆಲ್ಲ ಪ್ರಧಾನ ಕಚೇರಿಯ ಪಾಲಿಗೆ ಅಪ್‌ಲೋಡ್. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಕಾಣುವ ಅಂಕಿಗೆ ಈ ಕೆಲಸದಲ್ಲಿ ಅಷ್ಟು ಬೆಲೆಯಿಲ್ಲ.

ಅರ್ಜಿ ಅತ್ತ ಓಡಾಡುತ್ತಿರುವಾಗ ಇತ್ತ ಒಂದು ಗಾಳಿಮಳೆಗೆ ಎರಡೂ ಲೈನುಗಳು ಒಟ್ಟಿಗೇ ಹೋದವು. ಎರಡು ಬೇರೆ ಕಂಪೆನಿಗಳ ಲೈನು ಒಂದೇ ನಿಮಿಷದಲ್ಲಿ ಹೋಗುವುದು ಹೇಗೆಂದು ರಿಪೇರಿಗೆ ಬಂದ ಲೈನ್‌ಮ್ಯಾನ್‌ನೊಡನೆ ಕಂಬದಿಂದ ಕಂಬಕ್ಕೆ ನಡೆದೆ. ಕಚೇರಿಯ ಎದುರಿನ ಮೂರನೆಯ ಕಂಬದಲ್ಲಿ ಎರಡು ಕಪ್ಪು ಕೇಬಲ್‌ಗಳು ಒಂದೇ ಕ್ಲಾಂಪಿನಲ್ಲಿ ಬಿಗಿದುಕೊಂಡಿದ್ದವು, ಅದರಾಚೆ ಹಲಸಿನ ಕೊಂಬೆಯೊಂದು ಎರಡನ್ನೂ ಎಳೆದುಕೊಂಡು ಬಿದ್ದಿತ್ತು. “ನೀರ್ಚಾಲಿನವರೆಗೂ ಹೀಗೆಯೇ ಸಾರ್, ಎರಡೂ ಒಂದೇ ಕಂಬದಲ್ಲಿ ಬರುವುದು. ಕಂಪೆನಿ ಬೇರೆ ಅಷ್ಟೆ, ದಾರಿ ಒಂದೇ” ಎಂದರು ಅವರು. ಎರಡೂ ಕುಂಬಳೆಯ ಕಡೆಯಿಂದ ಬರುವ ಲೈನುಗಳು. ಹೆದ್ದಾರಿ 66ರ ಅಗಲೀಕರಣದ ಸಮಯದಲ್ಲಿ ಜೆಸಿಬಿ ಅಗೆದಾಗಲೆಲ್ಲ ಎರಡೂ ಒಟ್ಟಿಗೆ ಹೋಗುತ್ತಿದ್ದುದರ ಗುಟ್ಟು ನನಗೆ ತಿಳಿದದ್ದು ಆಗ.

ರೂಟರಿನಲ್ಲಿ ಎಷ್ಟು ಜಾಣತನ ತುಂಬಿದರೂ ಕಂಬ ಒಂದೇ ಆಗಿದ್ದರೆ ಪ್ರಯೋಜನವಿಲ್ಲ. ಬದಿಯಡ್ಕದಲ್ಲಿ ಕುಂಬಳೆ–ಮುಳ್ಳೇರಿಯ ರಸ್ತೆಯೂ ಚೆರ್ಕಳ–ಕಲ್ಲಡ್ಕ ರಸ್ತೆಯೂ ಕೂಡುವುದರಿಂದ ಬೇರೆ ದಾರಿಯಿಂದ ಲೈನು ತರಿಸುವ ಅವಕಾಶ ನಮಗಿತ್ತು. ಕಲ್ಲಡ್ಕದ ದಿಕ್ಕಿನಿಂದ, ಅಂದರೆ ಗಡಿಯ ಆಚೆಯಿಂದ ತರಿಸಬಹುದೇ ಎಂದು ಪುತ್ತೂರಿನ ಕಡೆಯ ಒಬ್ಬ ಸೇವಾದಾರರನ್ನು ಕೇಳಿದೆ. ತಮ್ಮ ಪರವಾನಗಿಯ ವ್ಯಾಪ್ತಿ ಗಡಿಯಲ್ಲಿರುವ ಅಡ್ಕಸ್ಥಳದ ಈಚೆಗೆ ಬರುವುದಿಲ್ಲವೆಂದರು. ಕೊನೆಗೆ ಚೆರ್ಕಳದ ಕಡೆಯಿಂದ ಕೇಬಲ್ ಎಳೆದಿರುವ ಬೇರೊಂದು ಕಂಪೆನಿ ಸಿಕ್ಕಿತು. ಹಳೆಯ ಎರಡನೆಯ ಲೈನನ್ನು ಬಿಟ್ಟು ಇವರದನ್ನು ತೆಗೆದುಕೊಂಡೆವು. ಸ್ಟ್ಯಾಟಿಕ್ ಐಪಿಯ ಅರ್ಜಿ ಮತ್ತೊಮ್ಮೆ ಮೊದಲಿನಿಂದ. ಈ ಸಲ ಕಾಗದಗಳು ಸರಿಯಿದ್ದುದರಿಂದ ಬೇಗ ಆಯಿತು. ಕಟ್ಟಡದ ಒಳಗೆ ಬರುವ ತುಂಡನ್ನೂ ಹಿಂಬದಿಯ ಗೋಡೆಯಿಂದಲೇ ತರಿಸಿದೆ. ಲೈನಿಗೆ ಮಾತು ಕೊಡುವ ಮೊದಲು ಲೈನ್‌ಮ್ಯಾನ್‌ಗಳನ್ನೇ ಕೇಳಿ, ಸಾಧ್ಯವಾದರೆ ಅವರೊಡನೆ ನಡೆದು ನೋಡಿ; ಕಂಪೆನಿಯ ಕಚೇರಿಯಲ್ಲಿ ಕುಳಿತವರಿಗೆ ಕಂಬದ ವಿಷಯ ಗೊತ್ತಿರುವುದಿಲ್ಲ.

ಇನ್ನು ರೂಟರ್. ಎರಡು ವ್ಯಾನ್ ಪೋರ್ಟ್ ಇದ್ದ ಮಾತ್ರಕ್ಕೆ ಈ ಸೌಲಭ್ಯ ಇರುವುದಿಲ್ಲ. ‘ಲೋಡ್ ಬ್ಯಾಲೆನ್ಸ್’ ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದರೆ ಅದು ಬಹುಪಾಲು ಹೊರಹೋಗುವ ಸಂಪರ್ಕದ ಮಾತು. ಪೆಪ್‌ಲಿಂಕ್, ಡ್ರೇಟೆಕ್ ಮೊದಲಾದ ಕಂಪೆನಿಗಳ ಕೆಲವು ಮಾದರಿಗಳಲ್ಲಿ ಮಾತ್ರ ರೂಟರೇ ಅಧಿಕೃತ ಡಿಎನ್‌ಎಸ್ ಆಗುವ ಸೌಲಭ್ಯವಿದೆ. ನಾವು ಕೊಂಡದ್ದು ಯಾವುದೆಂದು ಹೇಳುವುದಿಲ್ಲ, ಏಕೆಂದರೆ ಮುಂದೆ ಅದರ ಮೇಲೊಂದು ದೂರು ಬರುತ್ತದೆ. ಬೆಲೆ ಮೂವತ್ತು ಸಾವಿರ ದಾಟಿತು. ಎರಡೂ ಲೈನುಗಳ ಫೈಬರ್ ಪೆಟ್ಟಿಗೆಗಳನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಸಿ, ಸಾರ್ವಜನಿಕ ಐಪಿ ನೇರವಾಗಿ ನಮ್ಮ ರೂಟರಿಗೇ ಬರುವಂತೆ ಮಾಡಿಸಿದೆವು. ತುಲಾಮಾಸದ ಗುಡುಗು ಸಿಡಿಲಿನ ಊರು ನಮ್ಮದು. ಫೈಬರಿನಲ್ಲಿ ಸಿಡಿಲು ಹರಿಯದು, ಆದರೆ ಕರೆಂಟಿನ ದಾರಿಯಲ್ಲಿ ಬಂದು ಅಡಾಪ್ಟರನ್ನು ಸುಡುತ್ತದೆ. ಆದ್ದರಿಂದ ಎಲ್ಲವನ್ನೂ ಸರ್ಜ್ ರಕ್ಷಣೆಯಿರುವ ಯುಪಿಎಸ್ ಮೂಲಕ ಕೊಟ್ಟಿದ್ದೇವೆ.

ಡಿಎನ್‌ಎಸ್ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಂಘಕ್ಕೆ ಡಾಟ್ ಕಾಮ್ ಹೆಸರೊಂದಿದೆ. ಅದರ ಪೂರ್ತಿ ಹೊಣೆಯನ್ನು ರೂಟರಿಗೆ ಕೊಡಬಾರದು, ಇಮೇಲ್ ಕೂಡ ಅದರಲ್ಲೇ ಇರುವುದರಿಂದ. ‘ಲೆಕ್ಕ’ ಎಂಬ ಉಪಹೆಸರನ್ನು ಮಾತ್ರ ರೂಟರಿಗೆ ಒಪ್ಪಿಸಿದೆವು. ಮುಖ್ಯ ಹೆಸರಿನ ಡಿಎನ್‌ಎಸ್‌ನಲ್ಲಿ ಎನ್‌ಎಸ್1, ಎನ್‌ಎಸ್2 ಎಂಬ ಎರಡು ಹೆಸರುಗಳನ್ನು ಮಾಡಿ, ಒಂದಕ್ಕೆ ಮೊದಲ ಲೈನಿನ ಐಪಿಯನ್ನೂ ಇನ್ನೊಂದಕ್ಕೆ ಎರಡನೆಯದರ ಐಪಿಯನ್ನೂ ಎ ರೆಕಾರ್ಡ್ (ಹೆಸರಿನ ಐಪಿವಿ4 ವಿಳಾಸ ಹೇಳುವ ದಾಖಲೆ) ಆಗಿ ಕೊಡಬೇಕು; ಬಳಿಕ ‘ಲೆಕ್ಕ’ದ ವಿಷಯವನ್ನು ಈ ಇಬ್ಬರಲ್ಲಿ ಕೇಳಿ ಎಂದು ಎರಡು ಎನ್‌ಎಸ್ ರೆಕಾರ್ಡ್ ಹಾಕಬೇಕು. ಎರಡೂ ತಲುಪುವುದು ಅದೇ ರೂಟರನ್ನು, ಬೇರೆಬೇರೆ ಬಾಗಿಲಿನಿಂದ. ಒಂದು ಲೈನು ಸತ್ತಾಗ ವಿಚಾರಿಸುವವರಿಗೆ ಮೊದಲನೆಯ ಬಾಗಿಲಿನಲ್ಲಿ ಉತ್ತರ ಸಿಗದಿದ್ದರೆ ಅವರು ತಾವಾಗಿಯೇ ಎರಡನೆಯದಕ್ಕೆ ಹೋಗುತ್ತಾರೆ.

ಇಲ್ಲಿ ಬಂದ ತಡೆಯೆಂದರೆ, ನಮ್ಮ ಹೆಸರು ನೋಂದಾಯಿಸಿದ್ದ ಕಂಪೆನಿಯ ಉಚಿತ ಪುಟದಲ್ಲಿ ಉಪಹೆಸರಿಗೆ ಎನ್‌ಎಸ್ ರೆಕಾರ್ಡ್ ಹಾಕುವ ಅವಕಾಶವೇ ಇರಲಿಲ್ಲ. ಇಡೀ ಡಿಎನ್‌ಎಸ್ ಅನ್ನು ಬೇರೆ ಕಡೆಗೆ ಸಾಗಿಸಬೇಕಾಯಿತು. ಸಾಗಿಸುವ ಮೊದಲು ಇಮೇಲಿನ ಎಂಎಕ್ಸ್ ಮತ್ತು ಟಿಎಕ್ಸ್‌ಟಿ ರೆಕಾರ್ಡುಗಳನ್ನು ಒಂದೂ ಬಿಡದೆ ಹೊಸ ಜಾಗದಲ್ಲಿ ಬರೆದಿಡಿ. ಡಾಟ್ ಕಾಮ್ ಹೆಸರುಗಳ ನೇಮ್‌ಸರ್ವರ್ ಮಾಹಿತಿಯ ಟಿಟಿಎಲ್ (ಒಮ್ಮೆ ಸಿಕ್ಕಿದ ಉತ್ತರವನ್ನು ಇತರರು ನೆನಪಿಟ್ಟುಕೊಳ್ಳಬಹುದಾದ ಅವಧಿ) 172800 ಸೆಕೆಂಡು, ಅಂದರೆ ಎರಡು ದಿನ. ಅಷ್ಟು ಹೊತ್ತು ಹಳೆಯದೂ ಹೊಸದೂ ಎರಡೂ ಸರಿಯಾದ ಉತ್ತರ ಕೊಡುವ ಸ್ಥಿತಿಯಲ್ಲಿರಬೇಕು. ಶುಕ್ರವಾರ ಸಂಜೆ ಬದಲಿಸಿ ವಾರಾಂತ್ಯವನ್ನು ಕಾಯುವುದಕ್ಕೆ ಬಿಟ್ಟೆ.

ರೂಟರಿನ ಒಳಗೆ: ‘ಲೆಕ್ಕ’ಕ್ಕೆ ಎರಡೂ ವ್ಯಾನ್‌ಗಳ ವಿಳಾಸ, ಮೊದಲ ಲೈನಿನ ಅಪ್‌ಲೋಡ್ ದುಪ್ಪಟ್ಟಿದ್ದುದರಿಂದ 2:1ರ ಪ್ರಮಾಣ, ಟಿಟಿಎಲ್ 60 ಸೆಕೆಂಡು, ಎರಡೂ ಕಡೆ ಸರ್ವರಿನ ತಾಣ ತೆರೆಯುವ 443ನೆಯ ಪೋರ್ಟನ್ನು ಒಳಗಿನ ಸರ್ವರಿಗೆ ಫಾರ್ವರ್ಡ್, ಎರಡೂ ಕಡೆ ಡಿಎನ್‌ಎಸ್ ಪ್ರಶ್ನೆಗಳು ಬರುವ 53ನೆಯ ಪೋರ್ಟು ಯುಡಿಪಿ ಮತ್ತು ಟಿಸಿಪಿ ಎರಡರಲ್ಲೂ ತೆರೆದಿರುವುದು. ಈ 53ನ್ನು ಒಂದು ಕಂಪೆನಿ ತನ್ನ ಕಡೆಯಲ್ಲೇ ತಡೆದಿತ್ತು. ಲಿಖಿತವಾಗಿ ಕೇಳಿದ ಮೇಲೆ ಬಿಟ್ಟರು. ತೆರೆದ ಬಳಿಕ, ಹೊರಗಿನಿಂದ ಬೇರೆ ಯಾವುದಾದರೂ ಹೆಸರನ್ನು ನಿಮ್ಮ ರೂಟರಿನಲ್ಲಿ ವಿಚಾರಿಸಿ ನೋಡಿ. ಅದು ಉತ್ತರಿಸಲು ನಿರಾಕರಿಸಬೇಕು, ಇಲ್ಲದಿದ್ದರೆ ಇತರರ ಮೇಲೆ ದಾಳಿ ಮಾಡುವವರು ನಿಮ್ಮ ರೂಟರನ್ನು ಬಳಸಿಕೊಳ್ಳುತ್ತಾರೆ. ಲೈನು ಬದುಕಿದೆಯೇ ಎಂದು ರೂಟರ್ ಪರೀಕ್ಷಿಸುವ ಗುರಿಯನ್ನು ಹತ್ತಿರದ ಗೇಟ್‌ವೇಗೆ (ಕಂಪೆನಿಯ ಕಡೆಯ ಮೊದಲ ರೂಟರಿಗೆ) ಕೊಡಬೇಡಿ; ಗೇಟ್‌ವೇ ಬದುಕಿದ್ದು ಅದರಾಚೆ ಕೇಬಲ್ ತುಂಡಾಗಿರುವುದು ನಮ್ಮಲ್ಲಿ ಸಾಮಾನ್ಯ. 8.8.8.8ರಂತಹ ದೂರದ, ಒಂದಕ್ಕಿಂತ ಹೆಚ್ಚು ವಿಳಾಸಗಳನ್ನು ಕೊಡಿ.

ಎಲ್ಲ ಹಾಕಿ ಮುಗಿಸಿ ಫೋನಿನಲ್ಲಿ ಹೆಸರನ್ನು ವಿಚಾರಿಸಿದಾಗ ಒಮ್ಮೆ ಈ ವಿಳಾಸ, ಒಮ್ಮೆ ಆ ವಿಳಾಸ ಬರುತ್ತಿದ್ದುದನ್ನು ನೋಡಿ ಖುಷಿಯಾಯಿತು. ಸಂಜೆಯೊಳಗೆ ಶಾಖೆಗಳಿಂದ ಫೋನು ಬರತೊಡಗಿತು: ಕೆಲವೊಮ್ಮೆ ತೆರೆಯುತ್ತದೆ, ಕೆಲವೊಮ್ಮೆ ಸುತ್ತುತ್ತಾ ಕೂರುತ್ತದೆ. ಮೊದಲ ಲೈನಿನ ವಿಳಾಸ ಸಿಕ್ಕಿದವರಿಗೆ ಸರಿ, ಎರಡನೆಯದು ಸಿಕ್ಕಿದವರಿಗೆ ಇಲ್ಲ. ರೂಟರಿನಲ್ಲೇ ಪ್ಯಾಕೆಟ್‌ಗಳನ್ನು ಹಿಡಿದು ನೋಡಿದಾಗ, ಎರಡನೆಯ ಲೈನಿನಿಂದ ಒಳಬಂದ ಸಂಪರ್ಕದ ಉತ್ತರ ಮೊದಲ ಲೈನಿನಿಂದ ಹೊರಹೋಗುತ್ತಿರುವುದು ಕಂಡಿತು. ಕಾರಣ ಹಳೆಯ ರೂಟರಿನಿಂದ ಹಾಗೆಯೇ ಬಂದಿದ್ದ ಒಂದು ನಿಯಮ. ಸಂಘದ ಹಣ ವರ್ಗಾವಣೆಗೆ ಬ್ಯಾಂಕಿನವರು ನಮ್ಮ ಮೊದಲ ಲೈನಿನ ಐಪಿಯನ್ನು ಮಾತ್ರ ಒಪ್ಪುವುದರಿಂದ, ಸರ್ವರಿನಿಂದ ಹೊರಡುವ ಎಲ್ಲವೂ ಮೊದಲ ಲೈನಿನಲ್ಲೇ ಹೋಗಬೇಕೆಂದು ಯಾವಾಗಲೋ ಬರೆದಿಟ್ಟಿದ್ದರು. ಎರಡನೆಯ ಕಂಪೆನಿಯ ವಿಳಾಸ ಹೊತ್ತ ಪ್ಯಾಕೆಟ್ ಮೊದಲ ಕಂಪೆನಿಯ ಜಾಲದಲ್ಲಿ ಕಾಣಿಸಿಕೊಂಡರೆ ಅದು ನಕಲಿ ವಿಳಾಸವೆಂದು ಅವರು ಬಿಸಾಡುತ್ತಾರೆ. 2000ನೆಯ ಇಸವಿಯಿಂದಲೂ ಕಂಪೆನಿಗಳಿಗೆ ಶಿಫಾರಸಾಗಿರುವ ಭದ್ರತಾ ಪದ್ಧತಿ ಇದು, ಅವರನ್ನು ದೂರುವಂತಿಲ್ಲ. ಆ ನಿಯಮವನ್ನು ಬ್ಯಾಂಕಿನ ವಿಳಾಸಗಳಿಗೆ ಮಾತ್ರ ಸೀಮಿತಗೊಳಿಸಿ, ಬಂದ ಲೈನಿನಲ್ಲೇ ಉತ್ತರ ಹೋಗಬೇಕೆಂಬ ಆಯ್ಕೆಯನ್ನು ಅದಕ್ಕಿಂತ ಮೇಲಕ್ಕೆ ತಂದೊಡನೆ ಸುತ್ತುವುದು ನಿಂತಿತು. ನಿಮ್ಮಲ್ಲಿ ಅರ್ಧದಷ್ಟು ಸಂಪರ್ಕಗಳು ಮಾತ್ರ ಕೆಲಸ ಮಾಡುತ್ತಿದ್ದರೆ ಮೊದಲು ಹುಡುಕಬೇಕಾದದ್ದು ಇಂತಹ ನಿಯಮಗಳನ್ನು.

ಇದಾದ ಮೇಲೂ ಪೆರ್ಲದ ಒಬ್ಬ ಸಿಬ್ಬಂದಿಯ ಫೋನಿನಲ್ಲಿ ‘ಇಂತಹ ತಾಣವೇ ಇಲ್ಲ’ ಎಂದು ಬರುತ್ತಿತ್ತು. ಅಲ್ಲಿ ಫೋನುಗಳು ಆಗಾಗ ಕರ್ನಾಟಕದ ಟವರಿಗೆ ಅಂಟಿಕೊಳ್ಳುವುದರಿಂದ ಎಲ್ಲರೂ ಟವರಿನ ಮೇಲೆ ಗುಮಾನಿಪಟ್ಟರು. ಅದೇ ವಾರದಲ್ಲಿ ಸರ್ವರಿನ ಭದ್ರತಾ ಪ್ರಮಾಣಪತ್ರದ ನವೀಕರಣವೂ ನಿಂತುಹೋಯಿತು. ನಾವು ಬಳಸುವುದು ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಪ್ರಮಾಣಪತ್ರ. ಅದರ ಅವಧಿ 90 ದಿನ, ನಮ್ಮದರಲ್ಲಿ ಉಳಿದಿದ್ದುದು ಕೆಲವೇ ದಿನಗಳು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ, ಏಕೆಂದರೆ ಅವಧಿ ಮುಗಿದರೆ ಎರಡು ಲೈನೂ ಸರಿಯಿದ್ದೇ ಎಲ್ಲ ಶಾಖೆಗಳೂ ನಿಲ್ಲುತ್ತಿದ್ದವು.

ಎರಡಕ್ಕೂ ಮೂಲ ಒಂದೇ ಆಗಿತ್ತು. ರೂಟರಿನ ಡಿಎನ್‌ಎಸ್‌ಗೆ ಎ ರೆಕಾರ್ಡಿನ ಪ್ರಶ್ನೆಗೆ ಮಾತ್ರ ಉತ್ತರಿಸಲು ಸರಿಯಾಗಿ ಬರುತ್ತಿತ್ತು. ಐಪಿವಿ6 ಎಂಬ ಹೊಸ ಪದ್ಧತಿಯ ವಿಳಾಸ ಕೇಳುವ ಎಎಎಎ ಪ್ರಶ್ನೆ ಬಂದಾಗ ‘ಹೆಸರಿದೆ, ಆದರೆ ಅಂತಹ ವಿಳಾಸವಿಲ್ಲ’ ಎನ್ನುವ ಬದಲು ‘ಹೆಸರೇ ಇಲ್ಲ’ ಎನ್ನುತ್ತಿತ್ತು. ಆ ಉತ್ತರವನ್ನು ನೆನಪಿಟ್ಟುಕೊಂಡ ಮೊಬೈಲ್ ಜಾಲ ಎ ರೆಕಾರ್ಡನ್ನು ಕೇಳುವ ಗೊಡವೆಗೇ ಹೋಗುತ್ತಿರಲಿಲ್ಲ. ಲೋಡ್ ಬ್ಯಾಲೆನ್ಸರುಗಳ ಈ ಕೆಟ್ಟ ಚಾಳಿಯ ಬಗ್ಗೆ 2005ರಲ್ಲೇ ಆರ್‌ಎಫ್‌ಸಿ 4074 ಎಂಬ ದಾಖಲೆ ಪ್ರಕಟವಾಗಿದೆ, ಇನ್ನೂ ಬಿಟ್ಟಿಲ್ಲವೆಂದರೆ ಏನು ಹೇಳುವುದು! ಇನ್ನೊಂದು ಸಿಎಎ ಎಂಬ ಪ್ರಶ್ನೆ: ಈ ಹೆಸರಿಗೆ ಯಾರು ಪ್ರಮಾಣಪತ್ರ ಕೊಡಬಹುದು ಎಂದು ವಿಚಾರಿಸುವುದು 2017ರ ಸೆಪ್ಟೆಂಬರಿನಿಂದ ಪ್ರಮಾಣಪತ್ರ ಕೊಡುವ ಎಲ್ಲ ಸಂಸ್ಥೆಗಳಿಗೂ ಕಡ್ಡಾಯ. ‘ಅಂತಹ ರೆಕಾರ್ಡ್ ಇಲ್ಲ’ ಎಂಬ ಖಾಲಿ ಉತ್ತರ ಬಂದರೂ ಸಾಕು, ಪ್ರಮಾಣಪತ್ರ ಕೊಡುತ್ತಾರೆ. ‘ಸರ್ವರ್ ವೈಫಲ್ಯ’ ಎಂಬ ಉತ್ತರ ಬಂದರೆ ಲೆಟ್ಸ್ ಎನ್‌ಕ್ರಿಪ್ಟ್ ಕೊಡುವುದಿಲ್ಲ. ನಮ್ಮ ರೂಟರ್ ಕೊಡುತ್ತಿದ್ದುದು ಎರಡನೆಯದನ್ನೇ. ಮಾರಿದವರಿಗೆ ಬರೆದೆ, ಅವರು ಕಂಪೆನಿಗೆ ಬರೆದರು, ನಡುವೆ ಭಾನುವಾರವೂ ಒಂದು ಹಬ್ಬದ ರಜೆಯೂ ಬಂದವು. ಅವಧಿ ಮುಗಿಯುವ ದಿನ ಹತ್ತಿರವಾದಾಗ ‘ಲೆಕ್ಕ’ವನ್ನು ತಾತ್ಕಾಲಿಕವಾಗಿ ರೂಟರಿನಿಂದ ಹಿಂದಕ್ಕೆ ಪಡೆದು, ಮುಖ್ಯ ಡಿಎನ್‌ಎಸ್‌ನಲ್ಲೇ ಮೊದಲ ಲೈನಿನ ವಿಳಾಸ ಕೊಟ್ಟು, ಪ್ರಮಾಣಪತ್ರ ತೆಗೆದುಕೊಂಡೆ. ಬಳಿಕ ಬಂದ ಹೊಸ ಫರ್ಮ್‌ವೇರ್ (ರೂಟರಿನ ಒಳಗಿನ ತಂತ್ರಾಂಶ) ಎರಡು ದೋಷಗಳನ್ನೂ ಸರಿಪಡಿಸಿತು. ರೂಟರ್ ಕೊಳ್ಳುವ ಮೊದಲು, ಎಎಎಎ ಮತ್ತು ಸಿಎಎ ಪ್ರಶ್ನೆಗಳಿಗೆ ಅದು ಯಾವ ಉತ್ತರ ಕೊಡುತ್ತದೆಂದು ಮಾರುವವರಿಂದ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಉಳಿದದ್ದು ಪರೀಕ್ಷೆ. ಒಂದು ಶನಿವಾರ ಕೌಂಟರು ಮುಚ್ಚಿದ ಮೇಲೆ ಶಾಖೆಗಳಲ್ಲಿ ಒಬ್ಬೊಬ್ಬರನ್ನು ಕೂರಿಸಿ ಮೊದಲ ಲೈನಿನ ಕೇಬಲನ್ನು ಕಳಚಿದೆ. ಎರಡನೆಯ ಲೈನಿನಲ್ಲಿದ್ದವರಿಗೆ ಗೊತ್ತೇ ಆಗಲಿಲ್ಲ; ಮೊದಲನೆಯದರಲ್ಲಿದ್ದವರ ಬಿಲ್ಲು ನಿಂತು, ಎರಡು ಮೂರು ನಿಮಿಷದೊಳಗೆ ಮತ್ತೆ ಹೊರಟಿತು. ಟಿಟಿಎಲ್ 60 ಸೆಕೆಂಡು ಇದ್ದರೂ ರೂಟರಿಗೆ ಲೈನು ಸತ್ತದ್ದು ಖಚಿತವಾಗಲು ಸ್ವಲ್ಪ ಸಮಯ ಬೇಕು, ಕೆಲವು ಡಿಎನ್‌ಎಸ್ ಸರ್ವರುಗಳು ಟಿಟಿಎಲ್‌ಗಿಂತ ಹೆಚ್ಚು ಹೊತ್ತು ಹಳೆಯ ಉತ್ತರವನ್ನೇ ಹಿಡಿದುಕೊಳ್ಳುತ್ತವೆ. ಮುಳ್ಳೇರಿಯದ ಹಳೆಯ ಬಿಲ್ಲಿಂಗ್ ತಂತ್ರಾಂಶ ಮಾತ್ರ ಬೆಳಿಗ್ಗೆ ತೆರೆದಾಗ ಸಿಕ್ಕಿದ ವಿಳಾಸವನ್ನು ಸಂಜೆಯವರೆಗೂ ಬಿಡುವುದಿಲ್ಲ, ಅದನ್ನು ಮುಚ್ಚಿ ತೆರೆಯಬೇಕು. ಪ್ರಧಾನ ಕಚೇರಿಯ ಒಳಗಿನ ಕಂಪ್ಯೂಟರುಗಳಿಗೆ ಅದೇ ಹೆಸರಿಗೆ ಒಳಗಿನ 192.168ರ ವಿಳಾಸವೇ ಸಿಗುವಂತೆ ಬೇರೆಯಾಗಿ ಬರೆದಿದ್ದೇವೆ. ಒಂದೇ ಸಂಪರ್ಕದ ವೇಗ ಇದರಿಂದ ಹೆಚ್ಚಾಗುವುದಿಲ್ಲವೆಂಬುದನ್ನು ಆಡಳಿತ ಮಂಡಳಿಗೆ ಮೊದಲೇ ಹೇಳಿಡುವುದು ಒಳ್ಳೆಯದು. ಒಬ್ಬನ ಕೆಲಸ ಒಂದೇ ಲೈನಿನಲ್ಲಿ ನಡೆಯುತ್ತದೆ, ಹಂಚಿಕೆಯಾಗುವುದು ಜನರ ನಡುವೆ.

ಸಾರ್ವಜನಿಕ ಐಪಿ ಸಿಗುವ ಸಾಧ್ಯತೆಯೇ ಇಲ್ಲದ ಕಡೆಯವರು ಟನೆಲ್ ಸೇವೆಗಳನ್ನು ನೋಡಬಹುದು. ಅವುಗಳಲ್ಲಿ ಸರ್ವರೇ ಹೊರಗಿನ ಕಂಪೆನಿಯೊಂದಕ್ಕೆ ಸಂಪರ್ಕ ಹಿಡಿದು ನಿಲ್ಲುವುದರಿಂದ ಮೇಲಿನ ಬಹುತೇಕ ಕಷ್ಟಗಳಿಲ್ಲ, ಸದಸ್ಯರ ಲೆಕ್ಕ ಮೂರನೆಯವರ ಕೈಯಿಂದ ಹಾದುಹೋಗುತ್ತದೆ ಎಂಬುದೊಂದೇ ಪ್ರಶ್ನೆ. ನಮ್ಮ ಆಡಳಿತ ಮಂಡಳಿ ಅದನ್ನು ಒಪ್ಪಲಿಲ್ಲ.

ಸ್ಟ್ಯಾಟಿಕ್ ಐಪಿಯ ಶುಲ್ಕವನ್ನು ಪ್ಲಾನಿನ ಹಣದಿಂದ ಬೇರೆಯಾಗಿ, ಬೇರೆ ದಿನಾಂಕದಲ್ಲಿ ಕಟ್ಟಬೇಕಾಗಿ ಬರಬಹುದು. ನಮ್ಮ ಒಂದು ಲೈನಿನಲ್ಲಿ ಹಾಗೆಯೇ ಇದೆ. ಅದು ತಪ್ಪಿದರೆ ಲೈನು ನಿಲ್ಲುವುದಿಲ್ಲ, ವಿಳಾಸ ಮಾತ್ರ ಬದಲಾಗುತ್ತದೆ, ಎನ್‌ಎಸ್ ಹೆಸರಿನಿಂದ ಹಿಡಿದು ಬ್ಯಾಂಕಿನವರೆಗೆ ಎಲ್ಲ ಕಡೆ ತಿದ್ದಬೇಕಾಗುತ್ತದೆ. ಎರಡೂ ದಿನಾಂಕಗಳನ್ನು ಸಂಘದ ವಿದ್ಯುತ್ ಬಿಲ್ಲು, ವಿಮೆಯ ಕಂತು ಬರೆದಿಡುವ ಪುಸ್ತಕದಲ್ಲೇ ಬರೆಸಿದ್ದೇನೆ.